ಮಾಲೆ ಹಾಕಿದ 41 ದಿನ, ಮಾಲೆ ತೆಗೆದ ಮೇಲಿನ ದಿನಗಳು

ನವೆಂಬರ್ ಅರ್ಧ ಕಳೆಯಿತೆಂದರೆ ಬಳ್ಳಾರಿಯ ಓಣಿಗಳಲ್ಲಿ ಕಪ್ಪು ಬಟ್ಟೆಯ ಸ್ವಾಮಿಗಳು ಕಾಣಿಸತೊಡಗುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದವರು. ನಸುಕಿನಲ್ಲೇ ತಣ್ಣೀರ ಸ್ನಾನ, ಬರಿಗಾಲು, ಸಂಜೆ ಭಜನೆ. ವರ್ಷವಿಡೀ ವೈನ್ ಶಾಪ್ ಮುಂದೆ ಕಾಣುತ್ತಿದ್ದ ಕೆಲವರೂ ಇವರ ನಡುವೆ ಇರುತ್ತಾರೆ. ನಿನ್ನೆಯವರೆಗೆ ‘ಕುಡುಕ’ ಅನ್ನಿಸಿಕೊಂಡವರನ್ನು ಇವತ್ತು ಹೆಂಡತಿ, ಮಕ್ಕಳೂ ‘ಸ್ವಾಮಿ’ ಎಂದೇ ಕರೆಯುತ್ತಾರೆ. 41 ದಿನ ಎಣ್ಣೆ ಮುಟ್ಟುವಂತಿಲ್ಲ.

ನಮ್ಮ ಸೋದರಮಾವ ಹೀಗೆ ಮಾಲೆ ಹಾಕುತ್ತಿದ್ದರು. ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುತ್ತಿದ್ದವರು. ಮೊದಲ ವಾರ ಅವರ ಹತ್ತಿರ ಹೋಗಲು ನಮಗೆ ಭಯ. ಮಾತು ಮಾತಿಗೆ ಸಿಡುಕು, ಕೈ ನಡುಕ, ರಾತ್ರಿಯೆಲ್ಲ ಎದ್ದು ಅಂಗಳದಲ್ಲಿ ಓಡಾಟ. ಎರಡನೇ ವಾರ ಸುಮ್ಮನೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಮೂರು, ನಾಲ್ಕನೇ ವಾರ ಬರುವ ಹೊತ್ತಿಗೆ ಬೇರೆಯದೇ ಮನುಷ್ಯ. ಹೊಟ್ಟೆ ತುಂಬ ಊಟ ಮಾಡೋರು, ನಮ್ಮನ್ನು ಕೂರಿಸಿಕೊಂಡು ಘಾಟಿಯ ಕತೆ ಹೇಳೋರು. ‘ನಮ್ಮ ತಮ್ಮ ವಾಪಸ್ ಬಂದ ನೋಡು’ ಅಂತ ಅವ್ವ ಅನ್ನುತ್ತಿದ್ದಳು.

ಅದೇ ವರ್ಷ ನಮ್ಮ ಓಣಿಯ ಇನ್ನೊಬ್ಬರೂ ಮಾಲೆ ಹಾಕಿದರು. ಜೀನ್ಸ್ ಹೊಲಿಯುವ ಟೈಲರ್. ಅವರೂ ವ್ರತ ಕೆಡಿಸಲಿಲ್ಲ, 41 ದಿನ ಒಂದು ಹನಿ ಮುಟ್ಟಲಿಲ್ಲ. ಆದರೆ ಮುಖ ಬೆಳಗಲಿಲ್ಲ. ಭಜನೆಯ ನಡುವೆಯೂ ನೆಲ ನೋಡುತ್ತ ಕೂರುತ್ತಿದ್ದರು. ಬೆಳಗಿನ ಮೂರಕ್ಕೆ ಎಚ್ಚರ, ತಟ್ಟೆ ಮುಂದಿಟ್ಟರೆ ಎರಡು ತುತ್ತು. ‘ಕುಡಿಯೋದು ಬಿಟ್ಟ ಮೇಲೂ ಹಿಂಗ್ಯಾಕೆ ಅದಾರ’ ಎಂದು ಅವರ ಹೆಂಡತಿ ಅವ್ವನ ಹತ್ತಿರ ಬಂದು ಅಳುತ್ತಿದ್ದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಇಬ್ಬರೂ ಕುಡಿಯುತ್ತಿದ್ದರು. ಇಬ್ಬರ ಮನಸ್ಸಿಗೂ ಭಾರ ಇತ್ತು. ಒಬ್ಬರ ಭಾರ ಎಣ್ಣೆಯ ಜೊತೆಗೇ ಇಳಿದು ಹೋಯಿತು, ಇನ್ನೊಬ್ಬರದು ಹಾಗೇ ಉಳಿಯಿತು. ಕುಡಿತಕ್ಕೂ ಖಿನ್ನತೆಗೂ ಇರುವ ನಂಟು ಎಂಥದ್ದು ಅನ್ನುವ ಪ್ರಶ್ನೆಗೆ ಉತ್ತರ ಹುಡುಕಲು ಶುರು ಮಾಡಬೇಕಾದದ್ದು ಈ ವ್ಯತ್ಯಾಸದಿಂದಲೇ ಎಂದು ನನಗೆ ಅನ್ನಿಸುವುದು.

ನಾಲ್ಕನೇ ವಾರದಲ್ಲಿ ಕಾಣುವುದು

ಅಮೆರಿಕದ ಮನೋವೈದ್ಯ ಮಾರ್ಕ್ ಶಕಿಟ್ ಮತ್ತು ಅವರ ಜೊತೆಗಾರರು 1988ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕುಡಿತದ ಚಿಕಿತ್ಸೆಗೆ ಸೇರಿದ 191 ಗಂಡಸರನ್ನು ವಾರ ವಾರ ಪರೀಕ್ಷಿಸಿದರು. ಸೇರಿದ ಹೊತ್ತಿನಲ್ಲಿ ಅವರಲ್ಲಿ ಶೇ 42ರಷ್ಟು ಮಂದಿಗೆ ವೈದ್ಯರು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಮಟ್ಟದ ಖಿನ್ನತೆ ಇತ್ತು. ಖಿನ್ನತೆಗೆಂದೇ ಯಾವ ಮಾತ್ರೆಯನ್ನೂ ಕೊಡಲಿಲ್ಲ, ಕುಡಿತ ನಿಲ್ಲಿಸಿದ್ದಷ್ಟೇ. ನಾಲ್ಕನೇ ವಾರದ ಹೊತ್ತಿಗೆ ಆ ಮಟ್ಟದ ಖಿನ್ನತೆ ಉಳಿದದ್ದು ಶೇ 6 ಮಂದಿಯಲ್ಲಿ.

ಈ ಅಂಕಿ ನೋಡಿದಾಗ ನನಗೆ ಮೊದಲು ನೆನಪಾದದ್ದು ಮಾವನೇ. ಅವರು ಆ ಇಳಿದು ಹೋದವರ ಪೈಕಿ. ನಮ್ಮ ಟೈಲರ್ ಆ ಉಳಿದ ಆರರ ಪೈಕಿ.

ಹಾಗಾಗಿ ವೈದ್ಯರು ಇದನ್ನು ಎರಡು ಬಗೆಯಾಗಿ ನೋಡುತ್ತಾರೆ. ಒಂದು, ಕುಡಿತವೇ ಹುಟ್ಟಿಸಿದ ಖಿನ್ನತೆ. ಇನ್ನೊಂದು, ಕುಡಿತ ಇದ್ದರೂ ಇಲ್ಲದಿದ್ದರೂ ತನ್ನ ಪಾಡಿಗೆ ಇರುವ ಖಿನ್ನತೆ. ಹೊರಗಿನಿಂದ ಎರಡೂ ಒಂದೇ ಥರ. ನಿದ್ದೆ ಇಲ್ಲ, ಹಸಿವಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ತಾನು ಯಾತಕ್ಕೂ ಬಾರದವನು ಅನ್ನುವ ಕೊರಗು, ಸತ್ತರೆ ಸಾಕು ಅನ್ನುವ ಮಾತು. ಇವನ್ನು ಬೇರೆ ಮಾಡಿ ನೋಡಲು ಮೂರು ವಿಷಯ ಕೇಳಬೇಕಾಗುತ್ತದೆ. ಕುಡಿತ ಜಾಸ್ತಿಯಾಗುವ ಮೊದಲೇ ಈ ಬೇಸರ ಇತ್ತಾ? ಹಿಂದೆ ತಿಂಗಳುಗಟ್ಟಲೆ ಕುಡಿಯದೆ ಇದ್ದಾಗ ಮನಸ್ಸು ಹೇಗಿತ್ತು? ಅಪ್ಪ, ಅವ್ವ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ? ಕುಡಿತ ಬಿಟ್ಟು ಸುಮಾರು ಒಂದು ತಿಂಗಳಾದ ಮೇಲೂ ಖಿನ್ನತೆ ಉಳಿದರೆ ಅದು ಎರಡನೆಯ ಬಗೆ ಎಂದು ಲೆಕ್ಕ.

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸಿದ್ಧವಾಗಿಯೇ ಇರುತ್ತದೆ ಅಲ್ವಾ? ಮಾಲೆ ಹಾಕಿದಾಗ ಹೇಗಿದ್ದ, ಶ್ರಾವಣ ಮಾಡಿದಾಗ ಹೇಗಿದ್ದ ಅನ್ನುವುದು ಹೆಂಡತಿಗೆ, ತಾಯಿಗೆ ಬಾಯಿಪಾಠ. ಆಸ್ಪತ್ರೆಗೆ ಹೋದಾಗ ಅದನ್ನು ಹೇಳಬೇಕು ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಅದು ಭಕ್ತಿಯ ವಿಷಯ, ಡಾಕ್ಟರಿಗೆ ಯಾಕೆ ಅಂದುಕೊಳ್ಳುತ್ತಾರೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಎಲ್ಲರಿಗೂ ತಿಂಗಳು ಕಾಯುತ್ತ ಕೂರುವಂತಿಲ್ಲ. ಸಾಯುವ ಮಾತಾಡುವವರು, ಅನ್ನ ನೀರು ಬಿಟ್ಟವರು, ಹಿಂದೆ ಒಮ್ಮೆ ಖಿನ್ನತೆ ಬಂದು ಹೋದವರು, ಇವರಿಗೆ ಮೊದಲ ದಿನದಿಂದಲೇ ಚಿಕಿತ್ಸೆ ಬೇಕು. ನಾಲ್ಕು ವಾರದ ಲೆಕ್ಕ ಇರುವುದು ಯಾವ ಬಗೆಯ ಖಿನ್ನತೆ ಎಂದು ತಿಳಿಯಲು. ಆ ನಾಲ್ಕು ವಾರ ಮನುಷ್ಯನನ್ನು ಒಂಟಿಯಾಗಿ ಬಿಡಿ ಎಂದು ಅದು ಹೇಳುವುದಿಲ್ಲ.

ಎರಡೂ ಕಡೆಯಿಂದ ಎಳೆಯುವ ಹಗ್ಗ

ದುಃಖಕ್ಕೆ ಕುಡಿಯುತ್ತಾನೆ, ಪಾಪ. ಇದು ನಮ್ಮಲ್ಲಿ ಎಲ್ಲರೂ ಹೇಳುವ ಮಾತು. ಅದರಲ್ಲಿ ನಿಜ ಇದೆ. ಆದರೆ ಪೂರ್ತಿ ನಿಜ ಅಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 1977ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಅವರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ 25 ವರ್ಷದವರೆಗಿನ ಮಾಹಿತಿಯನ್ನು 2009ರಲ್ಲಿ ಲೆಕ್ಕ ಹಾಕಿದಾಗ, ಖಿನ್ನತೆಯಿಂದ ಕುಡಿತಕ್ಕೆ ಹೋಗುವ ದಾರಿಗಿಂತ ಕುಡಿತದಿಂದ ಖಿನ್ನತೆಗೆ ಹೋಗುವ ದಾರಿಯೇ ಹೆಚ್ಚು ಸ್ಪಷ್ಟವಾಗಿ ಕಂಡಿತು. ಅದೇ ತಂಡದವರು 2011ರಲ್ಲಿ ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಎರಡರಲ್ಲಿ ಒಂದು ತೊಂದರೆ ಇದ್ದವರಿಗೆ ಇನ್ನೊಂದು ಬರುವ ಸಾಧ್ಯತೆ ಸುಮಾರು ಎರಡು ಪಟ್ಟು.

ಯಾಕೆ ಹೀಗೆ? ಮಾವನ ಕೆಲಸದ ಮಾತಿನಲ್ಲೇ ಹೇಳುತ್ತೇನೆ. ನಮ್ಮ ಮೆದುಳಿನಲ್ಲಿ ವೇಗ ತಗ್ಗಿಸುವ ವ್ಯವಸ್ಥೆಯೂ ಇದೆ, ಏರಿಸುವ ವ್ಯವಸ್ಥೆಯೂ ಇದೆ. ಬ್ರೇಕು, ಆಕ್ಸಿಲರೇಟರು ಇದ್ದ ಹಾಗೆ. ಎಣ್ಣೆ ಬ್ರೇಕನ್ನು ಒತ್ತುತ್ತದೆ. ಅದಕ್ಕೇ ಕುಡಿದ ಕೂಡಲೇ ಮೈ ಹಗುರ, ಚಿಂತೆ ದೂರ. ದಿನಾ ಕುಡಿದರೆ ಮೆದುಳು ಸುಮ್ಮನಿರುವುದಿಲ್ಲ. ಗಾಡಿ ನಿಂತೇ ಹೋಗಬಾರದೆಂದು ಆಕ್ಸಿಲರೇಟರನ್ನು ಜೋರಾಗಿ ತುಳಿಯುತ್ತದೆ. ಈಗ ಕುಡಿತ ನಿಲ್ಲಿಸಿದರೆ ಬ್ರೇಕಿನ ಮೇಲಿನ ಕಾಲು ಹೋಯಿತು, ಆಕ್ಸಿಲರೇಟರಿನ ಮೇಲಿನದು ಹಾಗೇ ಇದೆ. ಕೈ ನಡುಕ, ಬೆವರು, ಎದೆ ಬಡಿತ, ಗಾಬರಿ, ನಿದ್ದೆ ಇಲ್ಲದಿರುವುದು, ಎಲ್ಲ ಅಲ್ಲಿಂದ ಬರುವುದು.

ಜೊತೆಗೆ ಇನ್ನೊಂದು ನಡೆಯುತ್ತದೆ. ಚಹಾ, ಊಟ, ಮಗುವಿನ ನಗು, ಇಂಥ ಸಣ್ಣ ಸಣ್ಣ ವಿಷಯಕ್ಕೆ ಖುಷಿಪಡುವ ಶಕ್ತಿ ಮೆದುಳಿನಲ್ಲಿ ಕುಗ್ಗುತ್ತದೆ. ಮೊದಲು ಖುಷಿಗೆಂದು ಕುಡಿದವನು ಕೊನೆಗೆ ಸಂಕಟ ತಡೆಯಲಾಗದೆ ಕುಡಿಯುತ್ತಾನೆ. ರಾತ್ರಿ ಎಣ್ಣೆ ಬೇಗ ನಿದ್ದೆ ತರಿಸುತ್ತದೆ ನಿಜ, ಆದರೆ ನಡುರಾತ್ರಿ ಕಳೆದ ಮೇಲೆ ಆ ನಿದ್ದೆಯನ್ನು ಅದೇ ಒಡೆಯುತ್ತದೆ. ಮೂರು ಗಂಟೆಗೆ ಎಚ್ಚರ. ಆ ಹೊತ್ತಿನಲ್ಲಿ ಬರುವ ಯೋಚನೆಗಳು ಎಂಥವೆಂದು ಮಲಗಲಾರದೆ ಹೊರಳಾಡಿದವರಿಗೇ ಗೊತ್ತು. ಬೆಳಿಗ್ಗೆ ಅದನ್ನು ಮರೆಯಲು ಮತ್ತೆ ಎಣ್ಣೆ ಬೇಕು.

ಎಷ್ಟು ಕುಡಿದರೆ ಜಾಸ್ತಿ ಎಂದು ಕೇಳುವವರಿಗೆ ಒಂದು ಲೆಕ್ಕ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಆಲ್ಕೋಹಾಲ್ ಶೇ 42.8. ಒಂದು ಕ್ವಾರ್ಟರ್ ಅಂದರೆ 180 ಎಂಎಲ್. ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ‘ಭಾರೀ ಕುಡಿತ’ದ ಲೆಕ್ಕಕ್ಕೆ ಸೇರಿಸುತ್ತದೆ. ‘ದಿನಾ ಒಂದೇ ಕ್ವಾರ್ಟರ್ ಅಷ್ಟೇ, ಜಾಸ್ತಿ ಏನಿಲ್ಲ’ ಎಂದು ಹೇಳುವವರು ದಿನಾ ಆ ಗೆರೆ ಮುಟ್ಟಿದವರೇ. ಟೆಟ್ರಾ ಪ್ಯಾಕಿನ ‘ನೈಂಟಿ’ ಅದರ ಅರ್ಧ.

ಗಣಿ ನಿಂತ ವರ್ಷ

ಬಳ್ಳಾರಿಯವರಿಗೆ 2011ರ ಜುಲೈ ಮರೆಯುವಂತಿಲ್ಲ. ಸುಪ್ರೀಂ ಕೋರ್ಟ್ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಕಾಡು, ಗುಡ್ಡ ಲೂಟಿಯಾಗುತ್ತಿದ್ದ ರೀತಿ ನೋಡಿದರೆ ಅದು ಆಗಲೇಬೇಕಿತ್ತು. ಆದರೆ ಲೂಟಿ ಮಾಡಿದವರ ಜೊತೆಗೆ ಸಾಲ ಮಾಡಿ ಲಾರಿ ತಂದವರು, ಕ್ಲೀನರ್‌ಗಳು, ಲೋಡಿಂಗ್‌ನವರು, ರಸ್ತೆ ಬದಿ ಊಟದ ಅಂಗಡಿ ಇಟ್ಟವರು, ಎಲ್ಲರೂ ಒಂದೇ ದಿನ ಖಾಲಿ ಕೂತರು. ಮಾವ ಮುಂಚಿನಿಂದಲೂ ಕುಡಿಯುತ್ತಿದ್ದರು. ಡ್ಯೂಟಿ ಮುಗಿದ ಮೇಲೆ, ಸಂಗಾತಿಗಳ ಜೊತೆ. ಗಾಡಿ ನಿಂತ ಮೇಲೆ ಬೆಳಿಗ್ಗೆಯೇ ಶುರುವಾಯಿತು, ಒಬ್ಬರೇ ಕೂತು. ಕುಡಿತದ ಪ್ರಮಾಣಕ್ಕಿಂತ ಈ ಬದಲಾವಣೆ ದೊಡ್ಡದಾಗಿತ್ತು ಎಂದು ಈಗ ಅನ್ನಿಸುತ್ತದೆ. ಜೊತೆಯಲ್ಲಿ ಕುಡಿಯುವವನು ಒಂಟಿಯಾಗಿ ಕುಡಿಯಲು ಶುರು ಮಾಡಿದ ದಿನ ಮನೆಯವರು ಗಮನಿಸಬೇಕು. ಆಗ ನಾವು ಗಮನಿಸಲಿಲ್ಲ.

ಊರು, ಕೆಲಸ ಬೇರೆಯಾದರೂ ಹಿನ್ನೆಲೆ ಒಂದೇ ಥರ. ಜೀನ್ಸ್ ಹೊಲಿಯುವವರಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ಆರ್ಡರ್ ಬಂದಾಗ ರಾತ್ರಿ ಹಗಲು ಮೆಷಿನ್ ಮುಂದೆ, ಇಲ್ಲದಾಗ ವಾರಗಟ್ಟಲೆ ಖಾಲಿ. ಉಕ್ಕಿನ ಕಾರ್ಖಾನೆಯವರಿಗೆ ಶಿಫ್ಟು ಬದಲಾದಂತೆಲ್ಲ ನಿದ್ದೆ ಕೆಡುತ್ತದೆ. ಸಿರುಗುಪ್ಪದ ಕಡೆ ಮೆಣಸಿನಕಾಯಿಗೆ ದುಡ್ಡು ಸುರಿದವರಿಗೆ ರೇಟಿನದೇ ಚಿಂತೆ. ಇವು ಯಾವುವೂ ಒಬ್ಬನನ್ನು ಕುಡುಕನನ್ನಾಗಿ ಮಾಡಲೇಬೇಕೆಂದಿಲ್ಲ. ಕುಡಿಯದೆಯೂ ಇದನ್ನೆಲ್ಲ ಹೊತ್ತವರು ಬೇಕಾದಷ್ಟಿದ್ದಾರೆ. ಆದರೆ ದುಡ್ಡು, ನಿದ್ದೆ, ಮರ್ಯಾದೆ ಮೂರೂ ಒಟ್ಟಿಗೆ ಕೈಬಿಟ್ಟಾಗ ಓಣಿಯ ತುದಿಯಲ್ಲೇ ಸಿಗುವ ಔಷಧಿ ಯಾವುದು ಹೇಳಿ?

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪಾಕೀಟು ಹೋಯಿತು, ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂತು. ರಾಯಚೂರು ಮತ್ತು ಸುತ್ತಲಿನ ಹೆಂಗಸರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಸಾವಿರಾರು ಹೆಂಗಸರಲ್ಲಿ ಈ ಭಾಗದವರು ಬಹಳ ಇದ್ದರು. ಅತ್ತ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತ್ತು. ಅಂಗಡಿ ಮುಚ್ಚಬೇಕೋ ಬೇಡವೋ ಅನ್ನುವ ವಾದ ದೊಡ್ಡದು, ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ನಾನು ಕೇಳುವುದು ಇಷ್ಟೇ: ಆ ದುಡ್ಡಿನ ಒಂದು ಪಾಲಾದರೂ ಕುಡಿದು ಕುಸಿದವರ ಮನಸ್ಸಿನ ಚಿಕಿತ್ಸೆಗೆಂದೇ ಹಳ್ಳಿಯ ಆಸ್ಪತ್ರೆಗೆ ಬರಬೇಡವೇ?

‘ಕುಡುಕ’ ಅನ್ನುವ ಪದದ ಹಿಂದೆ

ನಮ್ಮ ಕಡೆ ಖಿನ್ನತೆ ಅನ್ನುವ ಪದ ಯಾರ ಬಾಯಲ್ಲೂ ಬರುವುದಿಲ್ಲ. ‘ಬ್ಯಾಸರ ಆಗೈತಿ’, ‘ತಲಿ ಕೆಟ್ಟೈತಿ’, ‘ಎದಿ ಭಾರ ಐತಿ’ ಅನ್ನುತ್ತಾರೆ. ಗಂಡಸರು ಅದನ್ನೂ ಅನ್ನುವುದಿಲ್ಲ. ಅವರ ಖಿನ್ನತೆ ಸಿಟ್ಟಾಗಿ ಹೊರಗೆ ಬರುತ್ತದೆ, ಇಲ್ಲವೇ ಬಾಟ್ಲಿಯೊಳಗೆ ಹೋಗುತ್ತದೆ. ಕುಡುಕ ಎಂದು ಒಮ್ಮೆ ಹೆಸರು ಬಿದ್ದ ಮೇಲೆ ಅವನು ಅತ್ತರೆ ‘ಕುಡಿದು ಅಳ್ತಾನೆ’, ಸಾಯುತ್ತೇನೆಂದರೆ ‘ಕುಡಿದಾಗ ಹಂಗೇ ಅಂತಾನೆ ಬಿಡು’. ನಿಜವಾಗಿ ನೋಡಿದರೆ ಕುಡಿದಾಗ ಹೇಳುವ ಆ ಮಾತೇ ಹೆಚ್ಚು ಅಪಾಯದ್ದು. ಎಣ್ಣೆ ತಡೆಯುವ ಬುದ್ಧಿಯನ್ನು ಸಡಿಲ ಮಾಡುತ್ತದೆ. ಮನಸ್ಸಿನಲ್ಲೇ ಉಳಿಯಬಹುದಾಗಿದ್ದ ಯೋಚನೆ ಆ ಗಳಿಗೆಯಲ್ಲಿ ಕೈಗೆ ಬರುತ್ತದೆ. ಅಂಥ ಮಾತು ಕೇಳಿದರೆ ನಶೆ ಇಳಿಯುವವರೆಗೆ ಒಬ್ಬರು ಪಕ್ಕದಲ್ಲಿ ಇರಬೇಕು. ಹೊಲಕ್ಕೆ ಹೊಡೆಯುವ ಔಷಧಿಯಂಥ ಅಪಾಯದ ವಸ್ತುಗಳು ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡಬೇಕು. ನಶೆ ಇಳಿದ ಮೇಲೆ ಅದೇ ಮಾತನ್ನು ನಿಧಾನವಾಗಿ ಕೇಳಬೇಕು. ಕೇಳಿದರೆ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಅನ್ನುವ ಭಯ ಬೇಡ. ಕೇಳಿದರೆ ಹೇಳಿಕೊಳ್ಳಲು ದಾರಿ ಸಿಗುತ್ತದೆ.

ಸರ್ಕಾರದ ಲೆಕ್ಕದಲ್ಲೂ ಇದೇ ಮರೆ ಇದೆ. 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹೇಳುತ್ತದೆ. ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಶೇ 31.7, ಕಾಯಿಲೆ ಶೇ 18.4, ಕುಡಿತ ಮತ್ತು ಮಾದಕ ವಸ್ತು ಶೇ 6.8. ಆದರೆ ಗಂಡ ಹೆಂಡತಿಯ ಜಗಳದ ಹಿಂದೆ ಕುಡಿತ ಇದ್ದರೆ? ಕುಡಿತದ ಹಿಂದೆ ಯಾರೂ ಗುರುತಿಸದ ಖಿನ್ನತೆ ಇದ್ದರೆ? ಬದುಕಿದ್ದಾಗ ಒಂದಕ್ಕೊಂದು ಹೆಣೆದುಕೊಂಡಿದ್ದದ್ದನ್ನು ಸತ್ತ ಮೇಲೆ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತೇವೆ.

ಚಿಕಿತ್ಸೆಯ ಅಂಕಿ ಇನ್ನೂ ಸಂಕಟ ತರುತ್ತದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಕುಡಿತದ ಕಾಯಿಲೆ ಇರುವ ನೂರು ಜನರಲ್ಲಿ 86 ಮಂದಿಗೆ ಚಿಕಿತ್ಸೆ ಸಿಗುವುದಿಲ್ಲ. ಖಿನ್ನತೆ ಇರುವವರಲ್ಲೂ ಹೆಚ್ಚು ಕಡಿಮೆ ಅಷ್ಟೇ. 2019ರಲ್ಲಿ ಬಂದ ಏಮ್ಸ್ ಸಮೀಕ್ಷೆಯಲ್ಲಿ ಕುಡಿತಕ್ಕೆ ಅಂಟಿಕೊಂಡ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಎರಡೂ ಒಟ್ಟಿಗೆ ಇರುವವರ ಪಾಡು ಏನೆಂದು ಯೋಚಿಸಿ. ಅವರಿಗೆ ಕುಡಿತ ಬಿಡಿಸುವ ಕಡೆಯವರು ‘ಮೊದಲು ಮನಸ್ಸು ಸರಿ ಮಾಡಿಸ್ಕೊಂಡು ಬಾ’ ಅನ್ನುವುದು, ಮನಸ್ಸಿನ ಡಾಕ್ಟರು ‘ಮೊದಲು ಕುಡಿಯೋದು ಬಿಟ್ಟು ಬಾ’ ಅನ್ನುವುದು, ಇದು ನಮ್ಮ ಟೈಲರ್‌ಗೇ ಆಗಿದೆ. ಎರಡು ಬಾಗಿಲ ನಡುವೆ ಆರು ತಿಂಗಳು ಓಡಾಡಿದರು.

ಎರಡಕ್ಕೂ ಒಟ್ಟಿಗೆ ಔಷಧಿ ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ. ಕುಡಿತವೂ ಖಿನ್ನತೆಯೂ ಇದ್ದ 170 ಮಂದಿ, 14 ವಾರ. ಎಲ್ಲರಿಗೂ ಆಪ್ತ ಸಮಾಲೋಚನೆ ಇತ್ತು. ಕೆಲವರಿಗೆ ಖಿನ್ನತೆಯ ಮಾತ್ರೆ ಸರ್ಟ್ರಾಲಿನ್, ಕೆಲವರಿಗೆ ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಕೆಲವರಿಗೆ ಎರಡೂ, ಇನ್ನು ಕೆಲವರಿಗೆ ಔಷಧಿಯಿಲ್ಲದ ಖಾಲಿ ಮಾತ್ರೆ. ಎರಡೂ ಪಡೆದವರಲ್ಲಿ ಶೇ 54ರಷ್ಟು ಮಂದಿ ಕುಡಿತ ಪೂರ್ತಿ ಬಿಟ್ಟರು. ಉಳಿದ ಮೂರು ಗುಂಪುಗಳಲ್ಲಿ ಬಿಟ್ಟವರು ಶೇ 21ರಿಂದ 28. ಒಂದೇ ಪ್ರಯೋಗ, ಸಣ್ಣದು ಕೂಡ. ಆದರೂ ‘ಮೊದಲು ಅದು, ಆಮೇಲೆ ಇದು’ ಎಂದು ಜನರನ್ನು ಅಲೆಸುವುದಕ್ಕೆ ಸಮರ್ಥನೆ ಇಲ್ಲ ಎಂದು ಹೇಳಲು ನನಗೆ ಇದು ಸಾಕು.

ಮನೆಯಲ್ಲಿ ಮಾಡುವ ತಪ್ಪುಗಳು

ಮಾವನಿಗೆ ಮಾಲೆಯ ಮೊದಲ ವಾರ ಕೈ ನಡುಗುತ್ತಿತ್ತು ಎಂದೆ. ಅವರು ಪಾರಾದದ್ದು ಅದೃಷ್ಟ. ದಿನಾ ಬಹಳ ಕುಡಿಯುವವರು, ಬೆಳಿಗ್ಗೆ ಎದ್ದರೆ ಕೈ ನಡುಗುವವರು ಏಕಾಏಕಿ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣುವುದು, ಜ್ವರ, ದಿಕ್ಕು ತಪ್ಪಿದ ಮಾತು ಶುರುವಾಗಬಹುದು. ಅದನ್ನು ದೆವ್ವ ಹಿಡಿದಿದೆ, ವ್ರತ ಕೆಟ್ಟಿದೆ ಅನ್ನುವವರಿದ್ದಾರೆ. ಅದು ಪ್ರಾಣಕ್ಕೆ ಅಪಾಯ, ಕೂಡಲೇ ಆಸ್ಪತ್ರೆ ಬೇಕು. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿದ ವಾರಗಳಲ್ಲಿ ಇಡೀ ದೇಶ ಇದನ್ನು ನೋಡಿದೆ. ಪಕ್ಕದ ರಾಯಚೂರಿನಲ್ಲಿ ಸಿಎಚ್ ಪೌಡರ್ ಕಲಸಿದ ಸೇಂದಿಗೆ ಒಗ್ಗಿದವರಿಗೂ ಇದೇ ಗಂಡಾಂತರ. ಆ ಪೌಡರ್ ಹಳೆಯ ಕಾಲದ ನಿದ್ದೆಯ ಔಷಧಿ, ಅದನ್ನೂ ದಿಢೀರನೆ ನಿಲ್ಲಿಸುವಂತಿಲ್ಲ. ಮಾಲೆ ಹಾಕುವ ಮನಸ್ಸಿದ್ದರೆ ಹದಿನೈದು ದಿನ ಮೊದಲೇ ವೈದ್ಯರನ್ನು ಕಾಣಿ. ನಡುಕ ತಡೆಯುವ ಮಾತ್ರೆ ಕೊಟ್ಟು, ದಿನ ದಿನ ಕಡಿಮೆ ಮಾಡುತ್ತ ಬಿಡಿಸುತ್ತಾರೆ.

ಇನ್ನೊಂದು, ಗ್ಲೂಕೋಸ್ ಬಾಟ್ಲಿ. ನಿಶ್ಶಕ್ತಿ ಅಂದ ಕೂಡಲೇ ‘ಒಂದು ಬಾಟ್ಲಿ ಏರ್ಸಿ’ ಅನ್ನುವುದು ನಮ್ಮಲ್ಲಿ ರೂಢಿ. ಬಹಳ ದಿನ ಕುಡಿದವರ ಮೈಯಲ್ಲಿ ಬಿ1 ವಿಟಮಿನ್ ಬರಿದಾಗಿರುತ್ತದೆ. ಆ ಸ್ಥಿತಿಯಲ್ಲಿ ಬಿ1 ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಶಾಶ್ವತ ಪೆಟ್ಟಾಗಬಹುದು. ‘ಇವರು ಕುಡೀತಾರೆ, ಬಿ1 ಇಂಜೆಕ್ಷನ್ ಕೊಡ್ತೀರಾ’ ಎಂದು ಕೇಳಲು ನಾಚಿಕೆ ಬೇಡ.

ಸಾರಿನಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಔಷಧಿ’ಯೂ ಹೀಗೇ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ತಿಳಿಯದೆ ಮೇಲೆ ಕುಡಿದವನ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಹೆಂಡತಿಯರು ಬೇರೆ ದಾರಿ ಕಾಣದೆ ಇದನ್ನು ಮಾಡುತ್ತಾರೆ, ಅವರನ್ನು ಬೈಯುವ ಮನಸ್ಸು ನನಗಿಲ್ಲ. ಆದರೆ ಆ ಮಾತ್ರೆ ಕುಡಿಯುವವನಿಗೆ ಹೇಳಿ, ಒಪ್ಪಿಸಿ ಕೊಡುವಂಥದ್ದು.

ಹೆಂಡತಿಯರ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಟೈಲರ್ ಅವರ ಹೆಂಡತಿ ಅವ್ವನ ಹತ್ತಿರ ಗಂಡನ ಬಗ್ಗೆ ಮಾತ್ರ ಹೇಳುತ್ತಿದ್ದರು. ತಾನು ಎಷ್ಟು ದಿನದಿಂದ ಮಲಗಿಲ್ಲ, ಯಾಕೆ ತೂಕ ಇಳಿದಿದೆ ಎಂದು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕುಡಿಯುವ ಮನೆಯಲ್ಲಿ ಸಂಜೆ ಬಾಗಿಲ ಸದ್ದಿಗೆ ಎದೆ ನಡುಗುವ ಹೆಂಗಸಿಗೆ, ಮೂಲೆಯಲ್ಲಿ ಪುಸ್ತಕ ಹಿಡಿದು ಕೂತ ಮಗುವಿಗೆ ಖಿನ್ನತೆ ಬರಲು ಒಂದು ಹನಿಯೂ ಕುಡಿಯಬೇಕಿಲ್ಲ. ಲೆಕ್ಕದಲ್ಲಿ ಅವರ ಕಾಯಿಲೆ ಕುಡಿತದ ಖಾತೆಗೆ ಬರುವುದೇ ಇಲ್ಲ. ಗಂಡನನ್ನು ಆಸ್ಪತ್ರೆಗೆ ಕರೆತಂದ ದಿನ ವೈದ್ಯರು ಜೊತೆಗೆ ಬಂದವರನ್ನೂ ‘ನಿಮಗೆ ನಿದ್ದೆ ಬರುತ್ತಾ ಅಮ್ಮಾ’ ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಎರಡನೇ ರೋಗಿ ಅಲ್ಲೇ ಸಿಗುತ್ತಾರೆ.

ಬಳ್ಳಾರಿ ದೇಶಕ್ಕೆ ತೋರಿಸಿದ ದಾರಿ

ನಮ್ಮ ಊರಿನವರಿಗೇ ಹೆಚ್ಚು ಗೊತ್ತಿಲ್ಲದ ಒಂದು ವಿಷಯ ಇದೆ. ಮಾನಸಿಕ ಚಿಕಿತ್ಸೆ ದೊಡ್ಡ ನಗರದ ಆಸ್ಪತ್ರೆಯಲ್ಲೇ ಆಗಬೇಕೆಂದಿಲ್ಲ, ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುತ್ತದೆ ಎಂದು ಒಂದು ಇಡೀ ಜಿಲ್ಲೆಯ ಮಟ್ಟದಲ್ಲಿ ತೋರಿಸಿದ್ದು ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಇಲ್ಲಿ ಆ ಕೆಲಸ ಶುರು ಮಾಡಿತು. ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಕೆಲವು ಅಗತ್ಯ ಔಷಧಿಗಳನ್ನು ಕೇಂದ್ರಗಳಲ್ಲೇ ಇಟ್ಟರು. ಸರಳವಾದ ದಾಖಲೆ, ತಿಂಗಳಿಗೊಮ್ಮೆ ವರದಿ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದನ್ನು ನೋಡಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಇವತ್ತು ದೇಶದ ಯಾವುದೋ ಮೂಲೆಯ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಕೂತಿದ್ದರೆ ಅದರ ಬೇರು ನಮ್ಮ ಮಣ್ಣಿನಲ್ಲಿದೆ. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಹೆಮ್ಮೆ ಆಗುತ್ತದೆ.

ಈಗ ರಾಜ್ಯದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕುಡಿತದಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆ ಎಂದೇ ಒಪ್ಪಿಕೊಂಡಿದೆ. ಚಿಕಿತ್ಸೆ ಕೇಳುವುದು ಹಕ್ಕು.

ಹಾಗಾದರೆ ಕೊರತೆ ಎಲ್ಲಿ? ನನ್ನ ಪ್ರಕಾರ ಎರಡನೇ ವಾರದಿಂದ ಆರನೇ ವಾರದವರೆಗಿನ ಹೊತ್ತಿನಲ್ಲಿ. ಕುಡಿತ ಬಿಡಿಸುವ ಶಿಬಿರಗಳು ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮುಗಿಯುತ್ತವೆ. ನಡುಕ ನಿಂತಿರುತ್ತದೆ, ಹಾರ ಹಾಕಿ ಕಳಿಸುತ್ತಾರೆ. ಮನೆಯವರು ಕುಡಿತ ಬಿಟ್ಟ, ಇನ್ನೇನು ಸರಿ ಹೋದ ಅಂದುಕೊಳ್ಳುತ್ತಾರೆ. ಎರಡನೇ ವಾರದ ಆ ಮಂಕು, ಮಾವ ಗೋಡೆಗೆ ಒರಗಿ ಕೂರುತ್ತಿದ್ದರಲ್ಲ, ಅದು ಬರುವುದು ಆಮೇಲೆ. ಯಾರ ಖಿನ್ನತೆ ಇಳಿಯಿತು, ಯಾರದು ಉಳಿಯಿತು ಎಂದು ತಿಳಿಯುವುದು ನಾಲ್ಕನೇ ವಾರ. ಆಗ ನೋಡುವವರೇ ಇರುವುದಿಲ್ಲ.

ಮಾಲೆ ಇಲ್ಲಿ ನನಗೆ ಮತ್ತೆ ನೆನಪಾಗುತ್ತದೆ. ಮಾವ ಚೇತರಿಸಿಕೊಂಡದ್ದು ಬರೀ ಎಣ್ಣೆ ಬಿಟ್ಟದ್ದರಿಂದಲೇ ಎಂದು ಖಚಿತವಾಗಿ ಹೇಳಲಾರೆ. ಏಳಲು ಒಂದು ಹೊತ್ತು, ಸ್ನಾನಕ್ಕೆ ಒಂದು ಹೊತ್ತು, ಸಂಜೆ ಹೋಗಲು ಒಂದು ಜಾಗ, ಕೂಡಿ ಹಾಡಲು ಹತ್ತು ಜನ, ಹೆಸರು ಹಿಡಿದು ಬೈಯದೆ ‘ಸ್ವಾಮಿ’ ಅನ್ನುವ ಊರು. ಗೋವಾದಲ್ಲಿ ವಿಕ್ರಮ್ ಪಟೇಲ್, ಅಭಿಜಿತ್ ನಾಡಕರ್ಣಿ ಮತ್ತು ಅವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿದ ಪ್ರಯೋಗಗಳ ಫಲಿತಾಂಶ 2017ರಲ್ಲಿ ಬಂತು. ವೈದ್ಯರಲ್ಲದ, ಊರಿನವರೇ ಆದ ಸಮಾಲೋಚಕರು ತರಬೇತಿ ಪಡೆದು ಖಿನ್ನತೆ ಇರುವವರ ಜೊತೆ ಆರರಿಂದ ಎಂಟು ಸಲ, ಕುಡಿಯುವವರ ಜೊತೆ ನಾಲ್ಕು ಸಲದವರೆಗೆ ಕೂತು ಮಾತಾಡಿದರು. ಖಿನ್ನತೆಗೆ ಅವರು ಹೇಳಿಕೊಟ್ಟದ್ದರ ತಿರುಳು, ದಿನಕ್ಕೆ ಮನಸ್ಸಿಗೆ ಹಿತವಾದ ಒಂದೊಂದು ಕೆಲಸವನ್ನು ಗೊತ್ತು ಮಾಡಿಕೊಂಡು ಮಾಡುವುದು, ಜನರ ಜೊತೆ ಬೆರೆಯುವುದು. ಖಿನ್ನತೆ ಇಳಿಯಿತು, ಕುಡಿತ ಬಿಟ್ಟವರೂ ಹೆಚ್ಚಾದರು. ಮಾಲೆ ಇದನ್ನೇ ತನ್ನದೇ ರೀತಿಯಲ್ಲಿ ಮಾಡುತ್ತದೆ. ಆದರೆ 42ನೇ ದಿನ ಮಾಲೆ ತೆಗೆದ ಕೂಡಲೇ ಹೊತ್ತು, ಜಾಗ, ಜನ, ಹೆಸರು ನಾಲ್ಕೂ ಒಟ್ಟಿಗೆ ಹೋಗುತ್ತವೆ. ಮಾವ ಪ್ರತಿ ವರ್ಷ ಶಬರಿಮಲೆಯಿಂದ ಇಳಿದು ಬಂದ ವಾರದೊಳಗೆ ಮತ್ತೆ ಶುರು ಮಾಡಿದ್ದು ಇದಕ್ಕೇ ಇರಬೇಕು.

ಅಂಥ ಸಮಾಲೋಚಕರನ್ನು ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಇಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಹೊರೆ ಹೇರಿ ಕೈ ತೊಳೆದುಕೊಳ್ಳುವುದು ಬೇಡ, ಇದಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಡಬೇಕು. ಶಿಬಿರದಿಂದ, ಆಸ್ಪತ್ರೆಯಿಂದ ಮನೆಗೆ ಹೋದ ಪ್ರತಿಯೊಬ್ಬರನ್ನೂ ನಾಲ್ಕನೇ ವಾರ ಒಬ್ಬರು ಹೋಗಿ ನೋಡಬೇಕು. ನಿದ್ದೆ ಹೇಗಿದೆ, ಊಟ ಹೇಗಿದೆ, ಬದುಕುವ ಆಸೆ ಹೇಗಿದೆ ಎಂದು ಕೇಳಬೇಕು. ಬೇಸರ ಉಳಿದವರನ್ನು ಮುಂದಿನ ಮಂಗಳವಾರ ಕರೆದುಕೊಂಡು ಹೋಗಬೇಕು.

ನಮ್ಮ ಟೈಲರ್ ಕೊನೆಗೆ ಮೂರನೆಯ ಬಾಗಿಲೊಂದು ತೆರೆದಾಗ ಒಳಗೆ ಹೋದರು. ಆ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಕುಡಿಯೋಕೆ ಶುರು ಮಾಡೋಕಿಂತ ಮುಂಚೆ ಹೇಗಿದ್ರಿ?’ ಇಪ್ಪತ್ತರ ವಯಸ್ಸಿನಲ್ಲೇ ಒಂದು ವರ್ಷ ಮನೆಯಿಂದ ಹೊರಗೆ ಬಂದಿರಲಿಲ್ಲ ಎಂದು ಅವರು ಹೇಳಿದರಂತೆ. ಪಕ್ಕದಲ್ಲಿದ್ದ ಹೆಂಡತಿಗೂ ಅದು ಆವತ್ತೇ ಗೊತ್ತಾದದ್ದು. ಮಾತ್ರೆ ಶುರುವಾಗಿ ಐದನೇ ವಾರಕ್ಕೆ ಬೆಳಗಿನ ಐದೂವರೆವರೆಗೆ ಮಲಗಿದರು. ಹೆಂಡತಿ ಗಾಬರಿಯಾಗಿ ಎಬ್ಬಿಸಿದಾಗ, ‘ಇನ್ನೊಂದು ಚೂರು ಮಲಗ್ತೀನಿ ಬಿಡೇ’ ಅಂದರಂತೆ. ಅದನ್ನು ಹೇಳಲು ಅವರ ಹೆಂಡತಿ ನಮ್ಮ ಮನೆವರೆಗೆ ಚಪ್ಪಲಿಯಿಲ್ಲದೆ ಓಡಿ ಬಂದಿದ್ದರು.